ಎಡಗೈ ಹುಲಿಗೆವ್ವನ ಕೆಂಪು ದಾರ

ಭಾಳ ಹಿಂದ, ಗಾಡಿ ಬರೇ ಎಣ್ಣಿ ಕುಡದು ಓಡೂ ಕಾಲ ಮುಗದು, ಗಾಡಿಯೊಳಗ ಪೆಟಿಗಿಗೋಳು ಕುಂತು ಮಾತಾಡೂ ಕಾಲ ಸುರು ಆದಾಗ, ಮೂರು ಹಾದಿ ಕೂಡೂ ಒಂದೂರಾಗ ಒಬ್ಬಾಕಿ ಇದ್ಲಂತ. ಹೆಸರು ಹುಲಿಗೆವ್ವ. ಗಾಡಿ ವೈರಿಂಗ್ ಮಾಡಾಕಿ. ಉಣ್ಣೂದೊಂದು ಬಿಟ್ಟು ಎಲ್ಲಾ ಕೆಲಸಾ ಎಡಗೈಲೆ. ಇಕ್ಕಳ ಹಿಡಿಯೂದೂ ಎಡಗೈಲೆ, ಟೇಪ್ ಸುತ್ತೂದೂ ಎಡಗೈಲೆ. ಹಂಗಾಗಿ ಎಡಗೈ ಹುಲಿಗೆವ್ವ ಅಂತ ಹೆಸರಾತು. ಈ ಎಡಗೈ ಮಾತು ನೆನಪಿಟ್ಟಿರ್ರಿ, ಮುಂದ ಬೇಕಾಗತೈತಿ.

ಆಕಿ ಬಗ್ಗೆ ಮಂದಿ ಏನೇನೋ ಅಂತಾರ. ಬಾನೆಟ್ ಮ್ಯಾಲೆ ಕಿವಿ ಇಟ್ಟು ಒಳಗಿನ ಮಾತು ಕೇಳತಿದ್ಲು ಅಂತಾರ. ವೈರ್ ನಾಲಿಗಿಗೆ ಹಚ್ಚಿ, ಎಲ್ಲಿ ಕೆಟ್ಟೈತಿ ಅಂತ ಹೇಳತಿದ್ಲು ಅಂತಾರ. ಅಯ್ಯ, ನಾಲಿಗಿಗೆ ಹಚ್ಚಾಕ ಆಕಿಗೇನು ಹುಚ್ಚು ಹಿಡದಿತ್ತೇನು? ಆಕಿ ಹತ್ರ ಒಂದು ಹಳದಿ ಮೀಟರ್ ಇತ್ತು, ಎರಡು ಕಡ್ಡಿ ಇದ್ದದ್ದು. ಅದು ಖರೆ. ಉಳದದ್ದು ಮಂದಿ ಬಾಯಿ.

ಆಗಿನ ಗಾಡ್ಯಾಗ ಇಂಜಿನ್ನಿಗೊಂದು ಪೆಟಿಗಿ, ಬ್ರೇಕಿಗೊಂದು, ಬಾಗಲಕ್ಕೊಂದು, ಮುಂದಿನ ಬೋರ್ಡಿಗೊಂದು. ಇಷ್ಟೂ ಪೆಟಿಗಿಗೆ ಮಾತಾಡಾಕ ಇದ್ದದ್ದು ಎರಡ ಎರಡು ವೈರು, ಹುರಿ ಹೊಸೆದಂಗ ಒಂದಕ್ಕೊಂದು ಹೊಸೆದದ್ದು. ಕಟ್ಟಿ ಮ್ಯಾಲೆ ಹಿರ್ಯಾರು ಕುಂತಾಗ ಒಬ್ಬಾವ ಮಾತಾಡತಾನ, ಉಳದಾವರು ಕೇಳತಾರಲ್ಲ, ಹಂಗ ನಡೀತಿತ್ತು ಅವುಗಳ ಸಂಸಾರ. ಆ ಎರಡು ವೈರು ಒಳಗ ಸುಲದು ಒಂದಕ್ಕೊಂದು ತಾಗಿದ್ವಂದ್ರ ಮುಗೀತು. ಯಾರ ಮಾತೂ ಯಾರಿಗೂ ಮುಟ್ಟಂಗಿಲ್ಲ. ಬೋರ್ಡ್ ತುಂಬ ದೀಪ ಹತ್ತತಾವ, ಗಾಡಿ ನಿಂತಲ್ಲೇ ನಿಂದರತೈತಿ.

ಗಾಡಿ ಬಂತಂದ್ರ ಹುಲಿಗೆವ್ವ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚತಿದ್ಲು. ಬಿಚ್ಚಿ, ಎದುರಿನ ಅಂಗಡಿಗೆ ಚಾ ಕುಡಿಯಾಕ ಹೋಗತಿದ್ಲು. ಗಾಡಿ ಮಾಲಕ ಎಷ್ಟ ಬಾಯಿ ಬಡಕೊಳ್ಳಲಿ, ಚಾ ಮುಗಿಯೂತನಕ ಏಳತಿದ್ದಿಲ್ಲ. ಪೆಟಿಗಿಗೋಳು ಮಲಗಲಿ, ಎಚ್ಚರಿದ್ದಾಗ ಕೇಳಿದ್ರ ಎಲ್ಲಾವೂ ಸುಳ್ಳ ಹೇಳತಾವ ಅಂತಿದ್ಲಂತ. ಚಾ ಮುಗದ ಮ್ಯಾಲೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಮೀಟರಿನ ಎರಡೂ ಕಡ್ಡಿ ಹಚ್ಚಾಕಿ. ಅರವತ್ತು ಓಮ್ ಬರಬೇಕು. ನೂರಾ ಇಪ್ಪತ್ತು ಬಂದ್ರ ವೈರು ಎಲ್ಲೋ ಹರದೈತಿ. ಸೊನ್ನಿ ಬಂದ್ರ ಎರಡೂ ತಾಗ್ಯಾವು. ಅರವತ್ತು ಬಂದ್ರ ಗಾಡಿ ಗಟ್ಟಿ. ಸುತ್ತ ಹತ್ತೂರಾಗ ಆಕಿ ಅರವತ್ತು ಅಂದ್ರ ಅರವತ್ತು.

ಆ ಊರಾಗ ಒಂದು ಅಂಬುಲೆನ್ಸ್ ಇತ್ತು. ಊರ ಮಂದಿ ಕೂಡಿ ಕಮಿಟಿ ಮಾಡಿ ತಂದದ್ದು. ಅದರ ಡ್ರೈವರ್ ರಾಜಾಬಕ್ಷಿ. ಭಾಳ ಮಿದು ಮನಶಾ, ಬೀಡಿ ಸೈತ ಸೇದತಿದ್ದಿಲ್ಲ. ಎಷ್ಟೋ ವರ್ಷ ಸ್ಟೀರಿಂಗ್ ಹಿಡದಿದ್ದ, ಅವನ ಗಾಡ್ಯಾಗ ಒಂದು ಜೀವಾನೂ ಹೋಗಿದ್ದಿಲ್ಲ. ಇಂಥಾವನ ಗಾಡಿ ಒಂದಿನ ನಡು ಹಾದ್ಯಾಗ ನಿಂತಿತು. ಒಳಗ ಒಬ್ಬ ಮುದುಕ ಇದ್ದ, ಉಬ್ಬಸ ಹತ್ತಿತ್ತು. ಹೆಂಗೋ ಬಸ್ಸಿನ್ಯಾಗ ಒಯ್ದು ಉಳಿಸಿದ್ರು. ಎಂಟು ದಿನಕ್ಕ ಮತ್ತ ನಿಂತಿತು. ಮೂರನೇ ಸಲ ನಿಂತಾಗ ಒಳಗಿದ್ದಾಕಿ ಬಸುರಿ. ಆ ತಾಯಿ ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಹಡದ್ಲು, ಮಟಮಟ ಮಧ್ಯಾನದಾಗ. ತಾಯಿ ಮಗು ಇಬ್ರೂ ಉಳದ್ರು, ದೇವರು ದೊಡ್ಡಾವ. ಆದ್ರ ರಾಜಾಬಕ್ಷಿ ಹೆಸರು ಉಳೀಲಿಲ್ಲ.

ಶೋರೂಮಿಗೆ ಒಯ್ದು, ಪೆಟಿಗಿಗೋಳ ದೂರು ಓದೂ ಸ್ಕ್ಯಾನರ್ ಹಚ್ಚಿಸಿದ್ರು. ಬ್ರೇಕಿನ ಪೆಟಿಗಿ ಇಂಜಿನ್ ಪೆಟಿಗಿ ಮಾತಾಡ್ಲಿಲ್ಲ ಅಂತು, ಇಂಜಿನ್ ಪೆಟಿಗಿ ಬ್ರೇಕಿನದು ಮಾತಾಡ್ಲಿಲ್ಲ ಅಂತು, ಬಾಗಲದ ಪೆಟಿಗಿ ಎಲ್ಲಾರ ಮ್ಯಾಲೂ ದೂರು ಹೇಳಿತು. ಅಲ್ಲಿಯಾವರು ದೂರೆಲ್ಲಾ ಅಳಿಸಿ, ಗಾಡಿ ಓಡಿಸಿ ನೋಡಿ, ಏನೂ ಆಗಿಲ್ಲ ಒಯ್ರಿ ಅಂದ್ರು. ಖಾಲಿ ಗಾಡಿ ಕುದರಿಯಂಗ ಓಡತಿತ್ತು.

ಕಮಿಟಿ ಅಧ್ಯಕ್ಷ ಶರಭಪ್ಪನೋರು. ಒಳ್ಳೆ ಮನಶಾನ, ಸುಳ್ಳ್ಯಾಕ ಹೇಳ್ಲಿ. ಬಾಯಿ ಜೋರು, ಹೊಟ್ಟಿ ಅದಕ್ಕಿಂತ ಜೋರು. ಅವರು ಅಂದದ್ದೇನಂದ್ರ, ಗಾಡಿ ನೆಟ್ಟಗೈತಿ, ಡ್ರೈವರ್ ನೆಟ್ಟಗಿಲ್ಲ. ಪೇಷಂಟ್ ನೋಡಿ ಅಂಜಿ ಬಂದ್ ಮಾಡತಾನ. ಸೋಮವಾರ ಚಾವಿ ಇಸಕೊಂಡು ಬ್ಯಾರೆ ಡ್ರೈವರ್ ಇಡೂದು ಅಂತ ಠರಾವಾತು. ರಾಜಾಬಕ್ಷಿ ಹಾದ್ಯಾಗ ಬಂದ್ರ ಹೆಣ್ಣುಮಕ್ಕಳು ಮಕ ತಿರುವಾಕ ಹತ್ತಿದ್ರಂತ. ಅವನಿಗೆ ಅದರಷ್ಟು ಸಂಕಟ ಮತ್ಯಾವುದೂ ಆಗ್ಲಿಲ್ಲ. ಆ ಹೆಣ್ಣುಮಕ್ಕಳೊಳಗ ಎಷ್ಟೋ ಮಂದಿನ್ನ ಅವನೇ ದವಾಖಾನಿಗೆ ಮುಟ್ಟಿಸಿದ್ದ.

ಶನಿವಾರ ಮುಂಜಾನೆ ರಾಜಾಬಕ್ಷಿ ಗಾಡಿ ತಂದು ಹುಲಿಗೆವ್ವನ ಗ್ಯಾರೇಜ್ ಮುಂದ ನಿಲ್ಲಿಸಿದ. ಹಿಂದಿಂದ ಶರಭಪ್ಪನೋರೂ ಬಂದ್ರು, ಅವರ ಹಿಂದ ಅರ್ಧ ಊರು. ಹುಲಿಗೆವ್ವ ಟರ್ಮಿನಲ್ ಬಿಚ್ಚಿದ್ಲು, ಚಾ ಕುಡದ್ಲು, ಮೀಟರ್ ಹಚ್ಚಿದ್ಲು. ಅರವತ್ತು. ಗಾಡಿ ಅಲುಗಾಡಿಸಿದ್ರೂ ಅರವತ್ತು. ಬಾಗಲ ತಗದು ಹಾಕಿದ್ರೂ ಅರವತ್ತು. ಒಂದೊಂದು ಪೆಟಿಗಿ ಬಿಚ್ಚಿ, ನೋಡಿ, ಮತ್ತ ಕೂಡಿಸಿದ್ಲು. ಹಟಮಾರಿ ಮೀಟರ್ ಅರವತ್ತು ಬಿಟ್ಟು ಇಳೀವಲ್ದು.

ಹುಲಿಗೆವ್ವ ರಾಜಾಬಕ್ಷಿ ಕಡೆ ತಿರುಗಿ, ಗಾಡಿ ಯಾವಾಗ ನಿಂದರತೈತಿ ತಮ್ಮಾ ಅಂತ ಕೇಳಿದ್ಲು.

"ಅಕ್ಕಾ, ಪೇಷಂಟ್ ಇದ್ದಾಗ ಅಷ್ಟ."

"ಕೇಳಿದಿರಿಲ್ಲೋ!" ಅಂತ ಶರಭಪ್ಪನೋರು ಚಪ್ಪಾಳಿ ಹೊಡದ್ರು. "ನಾ ಹೇಳೂದೂ ಅದನ್ನ ಐತಿ!"

ಮಂದಿ ಹೋ ಅಂತ ನಕ್ರು. ಹುಲಿಗೆವ್ವ ನಗಲಿಲ್ಲ. ಊರೆಲ್ಲಾ ಆ ಮಾತಿನ್ಯಾಗ ಅವನ ತಪ್ಪು ಕಂಡ್ರು, ಆಕಿ ಅದರಾಗ ವೈರಿನ ತಪ್ಪು ಕಂಡ್ಲು. ಅದಕ್ಕ ಅನ್ನೂದು ಆಕಿನ್ನ ಹುಲಿಗೆವ್ವ ಅಂತ. ಮೀಟರ್ ರಾಜಾಬಕ್ಷಿ ಕೈಯಾಗ ಕೊಟ್ಟು, ನಂಬರ್ ನೋಡಕೋತ ನಿಂದ್ರು ಅಂದು, ತಾನ ಹಿಂದ ಏರಿ ಸ್ಟ್ರೆಚರ್ ಮ್ಯಾಲೆ ಅಂಗಾತ ಮಲಗಿದ್ಲು. ಅರವತ್ತು. ಆಕಿ ಮೊದಲ ಕಡ್ಡಿಯಂಥಾಕಿ, ತೂಕ ಎಲ್ಲಿಂದ ಬರಬೇಕು? ಎದ್ದು ಕೂತು ಮಂದಿನ್ನೆಲ್ಲಾ ಒಂದು ಸುತ್ತು ನೋಡಿದ್ಲಂತ. ನೋಡಿ, ಶರಭಪ್ಪನೋರ ಹತ್ರ ಕಣ್ಣು ನಿಲ್ಲಿಸಿದ್ಲಂತ.

"ಅಧ್ಯಕ್ಷರ, ನೀವು ಸ್ವಲ್ಪ ಮಲಗತೀರೇನ್ರಿ?"

ಶರಭಪ್ಪನೋರು ಒಲ್ಲೆ ಅಂದ್ರು. ಮಂದಿ ಬಿಡಲಿಲ್ಲ. ನಾಕು ಮಂದಿ ಹಿಡದು ಏರಿಸಿದ್ರು. ಅಧ್ಯಕ್ಷರು ಪೇಷಂಟ್ ಆಗಿ ಕಾಲು ಚಾಚಿ ಮಲಗಿದ್ರು, ಸ್ಟ್ರೆಚರ್ ಕಿರ್ ಅಂತು, ಮುಂದಿಂದ ರಾಜಾಬಕ್ಷಿ ಚೀರಿದ:

"ಅಕ್ಕಾ, ಸೊನ್ನಿ!"

ಏಳ್ರಿ ಅಂದ್ಲು, ಎದ್ರು, ಅರವತ್ತು. ಮಲಗ್ರಿ ಅಂದ್ಲು, ಮಲಗಿದ್ರು, ಸೊನ್ನಿ. ಮೂರು ಸಲ ಎಬ್ಬಿಸಿ ಮೂರು ಸಲ ಮಲಗಿಸಿದ್ಲಂತ. ಒಂದು ಸಲ ಸಾಕಾಗಿತ್ತು, ಉಳದ ಎರಡು ಸಲ ರಾಜಾಬಕ್ಷಿ ಸಲುವಾಗಿ ಅಂತಾರ ಮಂದಿ. ಪೇಷಂಟಿನ ಭಾರ, ಆಜೂಬಾಜೂ ಕುಂತಾವರ ಭಾರ ಬಿದ್ದಾಗ ಅಷ್ಟ ಎಲ್ಲೋ ವೈರು ಒತ್ತಿ ತಾಗತಾವು ಅನ್ನೂದು ಈಗ ಎಲ್ಲಾರಿಗೂ ಗೊತ್ತಾತು.

ಸ್ಟ್ರೆಚರ್ ಕುಂದರೂ ಕಬ್ಬಿಣದ ಪಟ್ಟಿ ಎತ್ತಿ, ಕೆಳಗಿನ ತಗಡು ತಗದ್ಲು. ಅಲ್ಲಿತ್ತು ನೋಡ್ರಿ ರೋಗ. ಹುರಿಯಂಗ ಹೊಸೆದ ಆ ಎರಡು ವೈರು ಪಟ್ಟಿ ಕೆಳಗ ಸಿಕ್ಕು, ಮೈ ಸುಲದು ತಾಮ್ರ ಕಾಣತಿತ್ತು. ಅವು ತಾವಾಗೇ ಅಲ್ಲಿಗೆ ಹೋಗಿದ್ದಿಲ್ಲ. ಹಿಂದ ಯಾವಾಗೋ ಪೇಷಂಟಿಗೆ ಗಾಳಿ ಬರಲಿ ಅಂತ ಫ್ಯಾನ್ ಹಾಕಿಸಿದ್ರು. ಫ್ಯಾನಿನ ವೈರು ಎಳದಾವರು ಇವನ್ನೂ ಅದರ ಕೂಡ ಒಂದ ಕಟ್ಟು ಮಾಡಿ, ಟೇಪ್ ಸುತ್ತಿ, ಪಟ್ಟಿ ಕೆಳಗ ತುರುಕಿದ್ರು.

ಹುಲಿಗೆವ್ವ ಆ ಟೇಪ್ ನೋಡಿದ್ಲು. ಊರಾಗ ಎಲ್ಲಾರೂ ಬಲಕ್ಕ ಸುತ್ತಿದ್ರ ಆ ಟೇಪ್ ಎಡಕ್ಕ ಸುತ್ತಿತ್ತು.

ಮತ್ತೊಮ್ಮೆ ಬೆರಳಾಡಿಸಿ ನೋಡಿದ್ಲು, ತನ್ನದ ಕೈ. ಆಕಿಗೇ ನೆನಪಿದ್ದಿಲ್ಲ. ಯಾವುದೋ ಗಡಿಬಿಡಿ ದಿನ, ಫ್ಯಾನ್ ತಿರುಗಿತಲ್ಲ ಸಾಕು ಅಂತ ತಗಡು ಮುಚ್ಚಿ ಕಳಿಸಿದ್ದು. ಟ್ರೇಲರಿನ್ಯಾಗ ಹಡದ ಆ ತಾಯಿ ಕಣ್ಣ ಮುಂದ ಬಂದ್ಲು. ಉಬ್ಬಸದ ಮುದುಕ ಬಂದ. ಇಷ್ಟು ದಿನ ರಾಜಾಬಕ್ಷಿ ಹೊತಗೊಂಡು ತಿರಗಿದ್ದು ತನ್ನ ಕೈಯ ತಪ್ಪು.

ಅಷ್ಟರಾಗ ಶರಭಪ್ಪನೋರು ಬಗ್ಗಿ ನೋಡಿ, ಅಬ್ಬಬ್ಬ, ಇಲಿ ಕಡದೈತಿ ಅಂದ್ರು. ಇವ ಗಾಡ್ಯಾಗ ಕುಂತು ರೊಟ್ಟಿ ತಿಂತಾನ, ರೊಟ್ಟಿ ಚೂರಿಗೆ ಇಲಿ ಬರತಾವ, ಗಾಡಿ ಸ್ವಚ್ಛ ಇಡಲಾರದಾವ ಅದೆಂಥಾ ಡ್ರೈವರ್ ಅಂತ ಮತ್ತ ಸುರು ಮಾಡಿದ್ರು. ಮಂದಿನೂ ಹೌದಲ್ಲ ಅಂದ್ರು. ಹುಲಿಗೆವ್ವ ಸುಮ್ಮನಿದ್ದಿದ್ರ ಮುಗದಿತ್ತು. ಟೇಪ್ ಹರದು ಕಿಸೆಗೆ ಹಾಕ್ಕೊಂಡಿದ್ರ ಯಾರಿಗೆ ಗೊತ್ತಾಗತಿತ್ತು? ಇಲಿ ಏನು ಬಂದು ಸಾಕ್ಷಿ ಹೇಳತಿತ್ತೇನು? ರಾಜಾಬಕ್ಷಿ ಕಿಸೆಯಿಂದ ಚಾವಿ ತಗದು ಕೈಯಾಗ ಹಿಡಕೊಂಡು ನಿಂತ, ಕೊಟ್ಟು ಹೋಗಾಕ.

"ಇಲಿ ಅಲ್ರೀ," ಅಂದ್ಲು ಹುಲಿಗೆವ್ವ. "ನಾನು."

ಅಂದಾಕಿ ಟೇಪ್ ಸುತ್ತು ಎಲ್ಲಾರಿಗೂ ತೋರಿಸಿದ್ಲು. ತನ್ನ ಎಡಗೈ ಎತ್ತಿ ತೋರಿಸಿದ್ಲು. ಈ ಕೈ ಮಾಡಿದ್ದು, ಈ ತಮ್ಮಂದು ಕೂದಲೆಳಿಯಷ್ಟೂ ತಪ್ಪಿಲ್ಲ, ಚಾವಿ ಅವನ ಹತ್ರನ ಇರಲಿ ಅಂದ್ಲು. ರಾಜಾಬಕ್ಷಿ ಗಳಗಳ ಅತ್ತ. ಶರಭಪ್ಪನೋರು ಆ ಚಾವಿ ತಮ್ಮ ಕೈಲೆ ಅವನ ಕಿಸೆಗೆ ಹಾಕಿದ್ರು.

ಹುಲಿಗೆವ್ವ ಸುಲದ ವೈರು ಕತ್ತರಿಸಿ, ಹೊಸಾ ತುಂಡು ಹಾಕಿ, ಹುರಿ ಬಿಚ್ಚದಂಗ ಹೊಸೆದು, ಪಟ್ಟಿಯಿಂದ ದೂರ ಬ್ಯಾರೆ ಹಾದಿಲೆ ಎಳದ್ಲು. ಕಡೀಕ ಸೀರಿ ಸೆರಗಿನ ಕೆಂಪು ದಾರ ಹಿರದು, ಜೋಡಿಸಿದಲ್ಲಿ ಗಂಟು ಹಾಕಿದ್ಲು. ಇದ್ಯಾಕ ಅಂತ ಕೇಳಿದ್ರಂತ. ಇದು ನನ್ನ ಕೆಲಸ ಅಂತ ಗೊತ್ತಾಗಬೇಕು, ನಾಳೆ ಈ ಗಾಡಿ ಕೆಟ್ರ ಡ್ರೈವರನ್ನ ಬೈಯೂಕಿಂತ ಮೊದಲು ನನ್ನ ಗಂಟು ಬಿಚ್ಚಿ ನೋಡ್ರಿ ಅಂದ್ಲಂತ. ಆಮ್ಯಾಲೆ ಶರಭಪ್ಪನೋರನ್ನ ಮಲಗಿಸಿಕೊಂಡು, ಸೈರನ್ ಹಾಕಿ, ರಾಜಾಬಕ್ಷಿ ದೊಡ್ಡ ದವಾಖಾನಿ ಮಟ ಹೋಗಿ ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ. ಬಾಗಲದಾಗ ನಿಂತ ಹೆಣ್ಣುಮಕ್ಕಳು ಈ ಸಲ ಮಕ ತಿರುವಲಿಲ್ಲ.

ಅದಾಗಿ ಹದಿನೈದು ದಿನ ಹುಲಿಗೆವ್ವನ ಗ್ಯಾರೇಜಿಗೆ ಒಂದು ಗಾಡಿನೂ ಬರಲಿಲ್ಲ. ತಪ್ಪು ಮಾಡಾಕಿ ಅಂತ ತಾನ ಒಪ್ಪಿಕೊಂಡಾಳ, ಆಕಿ ಕೈಯಾಗ ಗಾಡಿ ಹೆಂಗ ಕೊಡೂದು ಅಂದ್ರಂತ. ಆಕಿ ಬಾಗಲಾ ಹಾಕಲಿಲ್ಲ. ದಿನಾ ಕಸ ಹೊಡದು, ಮೀಟರ್ ಒರಸಿ ಇಟ್ಟು ಕುಂದರತಿದ್ಲು. ಹದಿನಾರನೇ ದಿನ ಒಬ್ಬ ಬಸ್ಸಿನಾವ ಬಂದ. ತಪ್ಪು ಎಲ್ಲಾರೂ ಮಾಡತಾರಬೇ, ಹೇಳಾಕಿ ನೀ ಒಬ್ಬಾಕಿ, ನನ್ನ ಬಸ್ ನೀನ ನೋಡು ಅಂದ. ಅವನ ಹಿಂದ ಮತ್ತ ಸಾಲು ಹತ್ತಿತು. ಅವಾಗ ಉಳದ ವೈರಿಂಗಿನಾವರೂ ನಾಚಿಕೊಂಡು ತಾವೂ ಒಬ್ಬೊಬ್ಬರು ಒಂದೊಂದು ಬಣ್ಣದ ದಾರ ಹಿಡದ್ರು.

ಹುಲಿಗೆವ್ವ ಹೋಗಿ ಎಷ್ಟೋ ಕಾಲ ಆತು. ಇವತ್ತಿಗೂ ಆ ಊರಾಗ ಟರ್ಮಿನಲ್ ಬಿಚ್ಚಿ ಚಾ ಕುಡಿಯದೇ ಯಾರೂ ಮೀಟರ್ ಮುಟ್ಟೂದಿಲ್ಲ. ಆ ಕಮಿಟಿಗೆ ಹೊಸಾ ಅಧ್ಯಕ್ಷ ಆದಾವ ಹಾರ ಹಾಕಿಸಿಕೊಳ್ಳೂಕಿಂತ ಮೊದಲು ಅಂಬುಲೆನ್ಸ್ ಸ್ಟ್ರೆಚರ್ ಮ್ಯಾಲೆ ಮಲಗಬೇಕು, ಡ್ರೈವರ್ ಮೀಟರ್ ನೋಡಿ ಅರವತ್ತು ಅಂತ ಕೂಗಬೇಕು, ಆಮ್ಯಾಲೆ ಹಾರ. ಗ್ಯಾರೇಜ್ ಸಾಲಿನ್ಯಾಗ ಒಬ್ಬಂದು ಹಸರು ದಾರ, ಒಬ್ಬಂದು ನೀಲಿ, ಒಬ್ಬಂದು ಬಿಳಿ. ಕೆಂಪು ಯಾರೂ ಹಿಡೀಲಿಲ್ಲ, ಅದು ಆಕೀದು. ಕೆಟ್ಟ ಗಾಡಿ ಬಂತಂದ್ರ ಅವರು ಡ್ರೈವರನ್ನ ಏನೂ ಕೇಳೂದಿಲ್ಲ, ಸ್ಕ್ಯಾನರನ್ನೂ ಕೇಳೂದಿಲ್ಲ. ಮೊದಲು ಬಗ್ಗಿ ತಮ್ಮ ಬಣ್ಣದ ಗಂಟು ಹುಡುಕಿ, ಬಿಚ್ಚಿ ನೋಡತಾರ.