ಒಂದು ಎಲಡಿಕೆ ಹೊತ್ತು

ಹಿಂಗೆ ಹೊರಳಾಡ್ಬೇಡ ಮಗ, ಕಂಬಳಿಯೆಲ್ಲ ನಿನ್ನ ಕಡೀಕೇ ಹೋಯ್ತು. ನಿದ್ದೆ ಬರ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ, ಅಂಗಡೀಲಿ ಸಿಗೋದಾ ಅದು? ಕತೆ ಹೇಳ್ತೀನಿ, ಹೂಂಗುಟ್ಟು. ಆದ್ರೆ ಆಮೇಲೇನು ಆಮೇಲೇನು ಅಂತ ನನ್ನ ಬೆನ್ನಟ್ಟಬಾರ್ದು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಹುಟ್ಟದೆ ಇದ್ದ ಕಾಲದಲ್ಲಿ, ಕಾಡಂಚಿನ ಊರಲ್ಲಿ ಜವರಯ್ಯ ಅಂತ ಒಬ್ಬ ಬೇಟೆಗಾರ ಇದ್ನಂತೆ. ಅವನಿಗೆ ಮೂವರು ಗಂಡುಮಕ್ಕಳು. ದೊಡ್ಡೋನು ಓಡೋದ್ರಲ್ಲಿ ಗಟ್ಟಿಗ, ನಡುವಲೋನು ಕೂಗೋದ್ರಲ್ಲಿ ಗಟ್ಟಿಗ, ಚಿಕ್ಕೋನು ಅಣ್ಣಂದಿರು ಹೇಳಿದ್ದಕ್ಕೆಲ್ಲ ಹೂಂ ಅನ್ನೋದ್ರಲ್ಲಿ ಗಟ್ಟಿಗ. ಈ ಚಿಕ್ಕೋನ ಹೆಂಡ್ತಿ ದುಂಡಮ್ಮ, ಚೊಚ್ಚಲ ಬಸುರಿ. ಪಾಪ, ಆ ಹುಡುಗಿ ಹೊಟ್ಟೇಲಿ ತಿಂದಿದ್ದು ಒಂದೂ ನಿಲ್ತಿರ್ಲಿಲ್ಲವಂತೆ. ಮುದ್ದೆ ಉಂಡ್ರೆ ವಾಂತಿ, ಗಂಜಿ ಕುಡಿದ್ರೆ ವಾಂತಿ. ಕೆನ್ನೆ ಒಳಕ್ಕೆ ಹೋಗಿತ್ತು, ಹೊಟ್ಟೆ ಮಾತ್ರ ಮುಂದಕ್ಕೆ ಬಂದಿತ್ತು. ಏನಾದ್ರೂ ಬಯಕೆ ಇದ್ರೆ ಹೇಳವ್ವ ಅಂತ ಮಾವ ಕೇಳಿದ್ದಕ್ಕೆ, ನಾಚ್ಕೊಂಡು ನಾಚ್ಕೊಂಡು, ಜಿಂಕೆ ಬಾಡಿನ ಸಾರಲ್ಲಿ ಮುದ್ದೆ ಅದ್ಕೊಂಡು ತಿನ್ಬೇಕು ಅನ್ಸುತ್ತೆ ಮಾವ ಅಂದ್ಳಂತೆ. ಬಸುರಿ ಬಯಕೆ ತೀರ್ಲಿಲ್ಲ ಅಂದ್ರೆ ಹುಟ್ಟೋ ಮಗೀಗೆ ಕಿವಿ ಸೋರುತ್ತೆ ಅಂತಾರೆ. ಕಿವಿ ಮಾತು ಹಂಗಿರ್ಲಿ, ಈ ಹುಡುಗಿ ಹೊಟ್ಟೆಗೆ ಏನೂ ಸೇರದೆ ಇದ್ರೆ ಎರಡು ಜೀವ ಹೋಗುತ್ತಲ್ಲ ಅಂತ ಮುದುಕನಿಗೆ ಹಗಲೂ ರಾತ್ರಿ ಅದೇ ಚಿಂತೆಯಂತೆ.

ಆಮೇಲೆ ಒಂದಿನ ಹೊತ್ತು ಇಳಿಯೋವಾಗ ಹುರುಳಿ ಹೊಲಕ್ಕೆ ಒಂದು ಜಿಂಕೆ ಬಂತಂತೆ. ಜವರಯ್ಯ ಬಾಣ ಬಿಟ್ಟ, ಬಾಣ ನಾಟ್ತು, ಆದ್ರೆ ಜಿಂಕೆ ಬೀಳ್ಲಿಲ್ಲ, ಬಾಣದ ಸಮೇತ ಕಾಡಿಗೆ ನುಗ್ಬಿಡ್ತಂತೆ. ಮೂವರು ಮಕ್ಕಳೂ ಪಂಚೆ ಎತ್ತಿ ಕಟ್ಟಿದ್ರು. ಜವರಯ್ಯ ಸಂಚಿ ಬಿಚ್ಚಿ ಮೂವರಿಗೂ ಎಲಡಿಕೆ ಕೊಟ್ಟು, ಕೂತ್ಕೊಳ್ರಪ್ಪ, ಏಟು ತಿಂದ ಜಿಂಕೆ ಹಿಂದೆ ಯಾರೂ ಬರ್ತಿಲ್ಲ ಅಂತ ತಿಳಿದ್ರೆ ಹತ್ರದಲ್ಲೇ ಮಲಗುತ್ತೆ, ಬೆನ್ನಟ್ಟಿದ್ರೆ ಉಸಿರಿರೋ ತನಕ ಓಡುತ್ತೆ, ಒಂದು ಎಲಡಿಕೆ ಜಗಿಯೋ ಹೊತ್ತು ತಡೀರಿ ಅಂದ್ನಂತೆ. ಅದಕ್ಕೆ ದೊಡ್ಡೋನು, ಅಯ್ಯಾ, ನಾವಿಲ್ಲಿ ಎಲಡಿಕೆ ಜಗೀತಾ ಕೂತ್ರೆ ಅಲ್ಲಿ ಚಿರತೆ ಜಿಂಕೆ ಜಗೀತಾ ಕೂತಿರುತ್ತೆ ಅಂದ್ನಂತೆ. ಅವನು ಹೇಳಿದ್ದೂ ಸುಳ್ಳಲ್ಲ ಮಗ. ಆ ಗುಡ್ಡದ ಬಂಡೇಲಿ ಒಂದು ಚಿರತೆ ಇತ್ತು, ಹೊತ್ತು ಮುಳುಗೋ ಹೊತ್ತಿಗೆ ಸರಿಯಾಗಿ ಅದು ಮೈ ಮುರ್ಕೊಂಡು ಇಳೀತಿತ್ತಂತೆ.

ಆಮೇಲೆ ದೊಡ್ಡೋನು ಎಲಡಿಕೆನೆಲ್ಲ ಬಾಯಿಗೆ ತುರುಕ್ಕೊಂಡು ಓಡಿದ್ನಂತೆ. ಓಡ್ತಾ ಓಡ್ತಾ ಎಡಕ್ಕೊಂದ್ಸಲ ಪಿಚಕ್, ಬಲಕ್ಕೊಂದ್ಸಲ ಪಿಚಕ್. ಹಿಂದೆ ಬಂದ ನಡುವಲೋನು ಎಲೆ ಮೇಲೆ ಕೆಂಪು ಕಂಡು, ಅಣ್ಣನ ಉಗುಳು ಅಂತ ತಿಳೀದೆ, ರಕ್ತ ಸಿಕ್ತು ರಕ್ತ ಸಿಕ್ತು ಅಂತ ಕೂಗ್ತಾ ಅದರ ಜಾಡು ಹಿಡಿದ್ನಂತೆ. ಚಿಕ್ಕೋನು ಹೂಂ ಅಂತ ಅವನ ಹಿಂದೆ. ಕೂಗು ಕೇಳಿ ದೊಡ್ಡೋನು, ಓಹೋ ತಮ್ಮನಿಗೆ ಸಿಕ್ಕೇಬಿಡ್ತು ಅಂತ ಅವರ ಹಿಂದೆ. ಹಿಂಗೆ ಒಬ್ಬರ ಹಿಂದೆ ಒಬ್ಬರು ಮೂವರೂ ಗಾಣದ ಎತ್ತಿನಂಗೆ ಗುಡ್ಡ ಸುತ್ತಿದ್ರಂತೆ. ನಗ್ಬೇಡ ನೀನು, ಬಂದಿದ್ದ ನಿದ್ದೇನೂ ಹಾರೋಗುತ್ತೆ.

ಇತ್ತ ಜವರಯ್ಯ ಏನು ಮಾಡ್ತಾನೆ? ಅವನಿಗೆ ಇರುಳುಗಣ್ಣು, ಬೆಳಕು ಮಂಕಾದ್ರೆ ಕೈಗೋಲೂ ಕಾಣ್ತಿರ್ಲಿಲ್ಲ. ಆಗ ದುಂಡಮ್ಮ ಬಂದು, ನನ್ನ ನಾಲಿಗೆ ಚಪಲಕ್ಕೆ ಏಟು ತಿಂದ ಜೀವ ಅದು ಮಾವ, ಹಂಗೇ ನರಳಕ್ಕೆ ಬಿಟ್ರೆ ನನಗೆ ನೀರೂ ಇಳಿಯಲ್ಲ, ನಡೀರಿ ಹುಡುಕಾನ, ನಿಮ್ಮ ಕಣ್ಣಿಗೆ ನಾನಿದ್ದೀನಿ ಅಂದ್ಳಂತೆ. ಈ ಹೊಟ್ಟೆ ಹೊತ್ಕೊಂಡು ಹೆಂಗೆ ನಡೀತೀಯವ್ವ ಅಂದ್ರೆ, ಕೂತು ಕೂತು ನಡೀತೀನಿ ಅಂದ್ಳಂತೆ. ಮುದುಕ ಬಿಲ್ಲು ಹೆಗಲಿಗೆ ಹಾಕ್ಕೊಂಡು, ಮಚ್ಚು ಸೊಂಟಕ್ಕೆ ಸಿಗಿಸ್ಕೊಂಡು ಅವಳ ಕೈ ಹಿಡ್ಕೊಂಡ.

ಆಮೇಲೆ ಹೊಂಗೆ ಮರದ ಹತ್ರ ಅವಳಿಗೆ ಸುಸ್ತಾಗಿ ಕೂತ್ಳಂತೆ. ಕೂತಲ್ಲೇ ತರಗೆಲೆ ಮೇಲೆ ಒಂದು ಕೆಂಪು ಹನಿ ಕಾಣ್ತು. ಮುದುಕ ಮೂಸಿ ನೋಡಿ, ಸುಣ್ಣದ ವಾಸನೆ ಇಲ್ಲ, ಇದು ನನ್ನ ಮಗ ಉಗಿದಿದ್ದಲ್ಲ ಬಿಡು, ರಕ್ತಾನೇ ಅಂದ್ನಂತೆ. ಆಮೇಲೆ ಹಳ್ಳದ ದಂಡೇಲಿ ಕಾಲು ಹಿಡ್ಕೊಂಡು ಕೂತ್ಳು. ಮರಳಲ್ಲಿ ಗೊರಸಿನ ಗುರುತು, ಮೂರು ಕಾಲು ಊರಿದೆ, ಒಂದು ಕಾಲು ಎಳೆದಿದೆ. ಹೆಜ್ಜೆ ಹತ್ತಿರ ಹತ್ತಿರ ಇದೆ ಮಾವ ಅಂದ್ರೆ, ಹಂಗಾದ್ರೆ ಓಡ್ತಿಲ್ಲ, ನಿಧಾನಕ್ಕೆ ನಡೀತಿದೆ, ನೀನೂ ನಿಧಾನಕ್ಕೆ ನಡಿ ಮಗ ಅಂದ್ನಂತೆ. ಮೂರನೇ ಸಲ ಪಕ್ಕೆ ಹಿಡ್ಕೊಂತು, ಇನ್ನಾಗಲ್ಲ ಅಂತ ನೆಲಕ್ಕೇ ಕೂತುಬಿಟ್ಳು. ಹಂಗೆ ಕೂತಿದ್ದಕ್ಕೇ ಪೊದೆ ಕೆಳಗೆ ಏನೋ ಬೆಳ್ಳಗೆ ಕಂಡಿದ್ದು. ಜಿಂಕೆ ಹೊಟ್ಟೆ. ಕಾಲು ಮಡಚಿ ಮಲಗಿದಂಗೇ ಪ್ರಾಣ ಬಿಟ್ಟಿತ್ತಂತೆ. ದುಂಡಮ್ಮ ಕೈ ಮುಗಿದು, ತಪ್ಪಾಯ್ತು ಕಣಪ್ಪ ಅಂದ್ಳಂತೆ.

ಅಂದು ತಲೆ ಎತ್ತಿದ್ರೆ, ಎದುರಿಗೆ ಚಿರತೆ. ಅದೂ ಕೂತ್ಕೊಂಡೇ ಇತ್ತಂತೆ. ಜವರಯ್ಯ ಬಿಲ್ಲು ಎತ್ತಿದ, ಎತ್ತಿ ಏನು ಮಾಡ್ತಾನೆ, ಯಾವ ಕಡೆ ಅಂತ ಕಾಣಬೇಡ್ವಾ? ದುಂಡಮ್ಮ ಕೂತಲ್ಲೇ ಮಾವನ ಹಿಂದಕ್ಕೆ ಸರಿದ್ಳು. ಆದ್ರೂ ನೋಡ್ತಾಳೆ, ಚಿರತೆ ಪಕ್ಕೆಲುಬು ಎಣಿಸ್ಬೋದು, ಹೊಟ್ಟೆ ಮಾತ್ರ ಜೋತು ನೆಲಕ್ಕೆ ತಾಗ್ತಿದೆ. ಅಯ್ಯೋ ನಿನಗೂನಾ ಅಂದ್ಳಂತೆ. ಹೂಂ ಕಣವ್ವ, ಓಡಿ ಹಿಡಿಯಕ್ಕಾಗಲ್ಲ, ಇದು ಮಲಗ್ಲಿ ಅಂತ ಆಗ್ಲಿಂದ ಕಾಯ್ತಿದ್ದೆ ಅಂತಂತೆ ಚಿರತೆ. ಆಗ ಮುದುಕ ಬಿಲ್ಲು ಇಳಿಸಿ, ಬಾಣ ನಂದು, ಬಯಕೆ ನಿಮ್ಮಿಬ್ಬರದು, ಪಾಲು ನೀನೇ ಹಾಕು ಮಗ ಅಂತ ಸೊಸೆಗೆ ಅಂದ್ನಂತೆ. ಹಿಂದಿನ ಎರಡು ತೊಡೆ ನಮಗೆ, ಮಿಕ್ಕಿದ್ದೆಲ್ಲ ನಿನಗೆ, ಆಗ್ಬೋದಾ ಅಂತ ದುಂಡಮ್ಮ ಕೇಳಿದ್ಳು. ಆಗ್ಬೋದು, ಆದ್ರೆ ಅಲ್ಲಿ ಕೂಗ್ತಾವ್ನಲ್ಲ, ಅವನ್ನ ಈ ಕಡೆ ಬಿಡ್ಬೇಡ ತಾಯಿ, ನನಗೆ ತಲೆನೋವು ಅಂತಂತೆ.

ಆಮೇಲೆ ಮನೇಲಿ ಸಾರು ಕುದಿಯೋ ಹೊತ್ತಿಗೆ ಮೂವರೂ ಏದುಸಿರು ಬಿಡ್ತಾ ಬಂದು, ಅಯ್ಯಾ, ರಕ್ತ ಗುಡ್ಡದ ಸುತ್ತ ಸಿಕ್ತು, ಜಿಂಕೆ ಮಾತ್ರ ಸಿಗ್ಲಿಲ್ಲ ಅಂದ್ರಂತೆ. ಜವರಯ್ಯ ದೀಪ ಹಿಡಿದು, ಎಲ್ಲಿ ದೊಡ್ಡೋನೆ, ಬಾಯಿ ತೆಗಿ ನೋಡಾನ ಅಂದ್ನಂತೆ. ನೀವು ಉಗುಳು ಬೆನ್ನಟ್ಟಿ ಆ ಕಡೆ ಹೋಗಿದ್ದೇ ಒಳ್ಳೇದಾಯ್ತು ಕಣ್ರೋ, ಜಿಂಕೆ ಈ ಕಡೆ ನೆಮ್ಮದಿಯಾಗಿ ಮಲಗ್ತು ಅಂತ ನಕ್ಕ. ಆಮೇಲೆ ಉಣ್ಣಕ್ಕೆ ಕೂತ್ರು. ದುಂಡಮ್ಮ ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಬಾಯಿಗಿಟ್ಳು. ಮನೆಯೋರೆಲ್ಲ ಅವಳ ಗಂಟಲನ್ನೇ ನೋಡ್ತಿದ್ರಂತೆ. ಒಂದು ತುತ್ತು ಇಳೀತು. ನಿಂತ್ಕೊಂತು. ಇನ್ನೊಂದು ಇಳೀತು. ಅತ್ತೆ, ಇನ್ನೊಂದು ಮುದ್ದೆ ಇದ್ಯಾ ಅಂತ ಅವಳು ಕೇಳಿದಾಗ, ಅಷ್ಟು ದೊಡ್ಡ ಬೇಟೆಗಾರ, ಕೂತಲ್ಲೇ ಅತ್ತುಬಿಟ್ನಂತೆ.

ತಿಂಗಳು ತುಂಬಿ ದುಂಡಮ್ಮನಿಗೆ ಗುಂಡುಗುಂಡಾದ ಹೆಣ್ಣುಮಗು ಆಯ್ತಂತೆ, ಬಂಡೇಲಿ ಚಿರತೆಗೂ ಎರಡು ಮರಿ ಆಯ್ತಂತೆ. ಎಲ್ಲರೂ ಸುಖವಾಗಿದ್ರಂತೆ. ಆಮೇಲಿಂದ ಆ ಅಣ್ಣತಮ್ಮಂದಿರು ಬಾಣ ಬಿಟ್ಟ ಮೇಲೆ ಕೂತು ಎಲಡಿಕೆ ಹಾಕ್ಕೊಂಡೇ ಏಳ್ತಿದ್ರಂತೆ, ಉಗುಳ್ತಾನೂ ಇರ್ಲಿಲ್ಲವಂತೆ.

ಇನ್ನೂ ಕಣ್ಣು ಬಿಟ್ಕೊಂಡಿದ್ದೀಯಾ? ನಿದ್ದೇನೂ ಹಂಗೇ ಮಗ, ಬೆನ್ನಟ್ಟಿದಷ್ಟೂ ಓಡುತ್ತೆ. ಸುಮ್ನೆ ಮಲಕ್ಕೋ, ಯಾರೂ ಬರ್ತಿಲ್ಲ ಅಂತ ಅದಕ್ಕೆ ಅನ್ಸಿದ್ರೆ ತಾನೇ ಹತ್ರ ಬಂದು ಪಕ್ಕದಲ್ಲಿ ಮಲಗುತ್ತೆ. ಒಂದು ಎಲಡಿಕೆ ಜಗಿಯೋ ಹೊತ್ತು, ಅಷ್ಟೇ. ನಾನೂ ಒಂದು ಕುಟ್ಕೊತೀನಿ.

ಮಗ? ಹೂಂ ಅನ್ನು.

ಅನ್ಲಿಲ್ಲ. ಸರಿ ಹಂಗಾದ್ರೆ, ಕತೇನೂ ಮುಗೀತು.