ಕಾಲಿನ ಎಲುಬು, ತೋಳಿನಲ್ಲಿ

ಇದು ಶುರುವಾದದ್ದು ೨೦೧೪ರ ಯುಗಾದಿಯ ಮರುವಾರ, ನದಿ ದಂಡೆಯ ಮಠವೊಂದರ ಆಸ್ಪತ್ರೆಯಲ್ಲಿ.

ಕಸ್ತೂರಿಗೆ ಆಗ ಆರು ವರ್ಷ. ಬಲತೋಳಿನ ಎಲುಬಿನ ಮೇಲ್ತುದಿಯಲ್ಲಿ ಗಡ್ಡೆ. ಆ ಭಾಗವನ್ನು ತೆಗೆಯಲೇಬೇಕಿತ್ತು. ಮಕ್ಕಳ ತೋಳು ಉದ್ದವಾಗುವುದು ಬಹುಪಾಲು ಆ ತುದಿಯಿಂದಲೇ. ಅದು ಹೋದರೆ ಹುಡುಗಿ ಬೆಳೆಯುತ್ತಾಳೆ, ತೋಳು ಹಿಂದೆ ಉಳಿಯುತ್ತದೆ.

ಶಸ್ತ್ರವೈದ್ಯ ಶಾಂತವೀರಪ್ಪನವರು ಅವಳ ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ಸಣ್ಣದನ್ನು ಆರಿಸಿಕೊಂಡರು. ಅದರ ಬೆಳೆಯುವ ತುದಿಯನ್ನು ರಕ್ತನಾಳ ಸಮೇತ ಬಿಡಿಸಿ, ಮೊಳೆ ಹಾಕಿ ತೋಳಿಗೆ ಕೂಡಿಸಿದರು. ನಾಳಕ್ಕೆ ಹೊಲಿಗೆ ಹಾಕಿದವನು ಶಿಷ್ಯ ಅಜಿತನಾಥ. ಅಂಥ ಹೊಲಿಗೆ ಅವನ ಕೈಯಲ್ಲಿ ಅದೇ ಮೊದಲು.

ಹೊರಗೆ ತಾಯಿ ಅವನನ್ನು ಕೇಳಿದಳು, “ಮುಂದ ಎರಡೂ ಕೈ ಸಮ ಆಗ್ತಾವೇನ್ರೀ?”

ನೋಡೋಣ ಎಂದ.

ತೋಳಿನ ಗಟ್ಟಿ ಕವಚವನ್ನು ಮೂರು ತಿಂಗಳಿಗೆ ಬಿಚ್ಚು ಎಂದು ಗುರು ಹೇಳಿದ್ದರು. ಆರು ತಿಂಗಳಾದರೂ ಅಜಿತನಾಥ ಬಿಚ್ಚಲಿಲ್ಲ. ಬೆರಳಷ್ಟು ದಪ್ಪದ ಎಲುಬು, ಹೊರಬೇಕಾದದ್ದು ತೋಳಿನ ಭಾರ. ಪ್ರತಿ ಸಲವೂ ಕವಚದ ಪಟ್ಟಿಯನ್ನು ಇನ್ನಷ್ಟು ಬಿಗಿದು ಕಳಿಸುತ್ತಿದ್ದ.

ಒಂದು ದಿನ ಗುರು ತಾಯಿಯನ್ನು ವಿಚಾರಿಸಿದರು, ಹುಡುಗಿ ಮನೆಯಲ್ಲಿ ಏನು ಮಾಡುತ್ತಾಳೆಂದು.

“ಏನೂ ಇಲ್ರೀ. ಸಣ್ಣ ಡಾಕ್ಟರು ಹೇಳ್ಯಾರ. ಮದುಮಗಳಂಗ ಕುಂದ್ರಿಸೇನ್ರೀ.”

ದುಡಿಯದ ಎಲುಬು ಬಲಿಯುವುದಿಲ್ಲ ಎಂದು ಗುರು ಕವಚ ಬಿಚ್ಚಿದರು. ಹುಡುಗಿಯ ಬಲಗೈಗೆ ತಂಬಿಗೆ ನೀರು ಕೊಟ್ಟು, ಅಂಗಳದ ನಾಯಿಗೆ ಕುಡಿಸಿ ಬಾ ಎಂದರು. ಅವಳು ಅರ್ಧ ಚೆಲ್ಲಿ, ಅರ್ಧ ಕುಡಿಸಿ ಬಂದಳು.

ಒಂಬತ್ತನೆಯ ದಿನ ಬಾಗಿಲು ತಳ್ಳುವಾಗ ಆ ಎಲುಬು ಮುರಿಯಿತು.

ಅಜಿತನಾಥ ಎಕ್ಸ್‌-ರೇಯನ್ನು ಗುರುವಿನ ಮೇಜಿನ ಮೇಲಿಟ್ಟ. “ಬಿಚ್ಚಿದವರು ನೀವು, ಸರ್.”

“ಹೌದು. ನಾನ.”

ಸೋಮವಾರ ತೋಳು ತೆರೆದು ಲೋಹದ ಪಟ್ಟಿ ಕೂಡಿಸುವುದಾಗಿ ಅವನು ಹೇಳಿದ. ಗುರು ಒಪ್ಪಲಿಲ್ಲ. ಕೊರಳಿಗೊಂದು ಬಟ್ಟೆಯ ಜೋಲಿ ಕಟ್ಟಿ, ಒಂದೂವರೆ ತಿಂಗಳು ಕಾಯಿ ಎಂದರು.

“ಕೂಡದಿದ್ದರೆ?”

“ಸತ್ತ ಎಲುಬು ಕೂಡೂದಿಲ್ಲ. ಜೀವ ಇದ್ದದ್ದು ಕೂಡತೈತಿ. ನೀ ಹಾಕಿದ ಹೊಲಿಗಿ ಮ್ಯಾಲ ನಿನಗ ನಂಬಿಕಿ ಇಲ್ಲೇನು?”

ಅಜಿತನಾಥನಿಗೆ ಆ ನಂಬಿಕೆ ಇರಲಿಲ್ಲ.

ಒಂದೂವರೆ ತಿಂಗಳಿಗೆ ಹೊಸ ಎಕ್ಸ್‌-ರೇ ಬಂತು. ಬಿರುಕಿನ ಸುತ್ತ ಗೋಡೆಗೆ ಮಣ್ಣು ಮೆತ್ತಿದ ಹಾಗೆ ಬಿಳಿಯ ಹೊಸ ಎಲುಬು. ಅಲ್ಲಿ ದಪ್ಪ ಮೊದಲಿನ ಒಂದೂವರೆ ಪಟ್ಟು. ಅಜಿತನಾಥ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ.

“ಮುರಿಯುತ್ತದೆ ಅಂತ ನಿಮಗೆ ಗೊತ್ತಿತ್ತಾ, ಸರ್?”

“ಇಲ್ಲ.”

“ಹಾಗಾದರೆ ನಾನು ಕಟ್ಟಿಟ್ಟದ್ದು ತಪ್ಪಲ್ಲ.”

“ಯಾಕ ಕಟ್ಟಿದ್ದಿ?”

“ಮುರೀಬಾರದು ಅಂತ.”

“ನಾವು ಕಾಲಿಂದ ಎಲುಬು ತಂದದ್ದು ಮುರೀಬಾರದು ಅಂತೇನು?”

ಅಜಿತನಾಥ ಹೇಳಿದ, “ಬೆಳೀಲಿ ಅಂತ.”

“ಅಳದೀಯೇನು?”

ಎಂಟು ತಿಂಗಳಲ್ಲಿ ಅವನು ಮೊಳೆ ಸಡಿಲಾಗಿದೆಯೇ ಎಂದು ನೋಡಿದ್ದ, ಎಲುಬು ಬಾಗಿದೆಯೇ ಎಂದು ನೋಡಿದ್ದ, ಬಿರುಕು ಹುಡುಕಿದ್ದ. ಉದ್ದವನ್ನು ಒಮ್ಮೆಯೂ ಅಳೆದಿರಲಿಲ್ಲ. ಬೆಳೆದಿಲ್ಲ ಎಂದು ಬಂದರೆ ತಾಯಿಗೆ ಏನು ಹೇಳುವುದೆಂದು ಹೆದರಿದ್ದ.

ಗುರು ಶಸ್ತ್ರಚಿಕಿತ್ಸೆಯ ಮರುದಿನದ ಎಕ್ಸ್‌-ರೇ ತರಿಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಮೊಳೆಯಿಂದ ಎಲುಬಿನ ತುದಿಯವರೆಗೆ ಸ್ಕೇಲು ಹಿಡಿದರು. ಮೊದಲು ಹಳೆಯದು, ಆಮೇಲೆ ಹೊಸದು.

“ಹೆಚ್ಚಾದದ್ದು ಏಳು ಮಿಲಿಮೀಟರ್,” ಎಂದರು. “ಈ ವಯಸ್ಸಿಗೆ ಎಂಟು ತಿಂಗಳಾಗ ಇಷ್ಟ ಬೆಳೀಬೇಕು.”