ಆಯುಧಪೂಜೆಗೆ ಬಾರದ ಚೆಂಡು

“ಬುದ್ಧಿ, ಸೋಲುತ್ತಾರೆ ಎಂದು ಗೊತ್ತಿದ್ದೂ ಅವರ ಮೇಲೆ ಆಸೆ ಇಡುವುದು ದಡ್ಡತನವಲ್ಲವೇ?”

ಹೀಗೆ ಕೇಳಿದವನು ಪಂಚಾಕ್ಷರಿ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಗುರುಗಳ ಬಲಮಂಡಿಗೆ ಎಣ್ಣೆ ತಿಕ್ಕುವುದು ಅವನ ಬೆಳಗಿನ ಸೇವೆ. ಅದು ಬಹಳ ಹಳೆಯ ನೋವು. ಜಪಕ್ಕೆ ಕುಳಿತೂ ಕುಳಿತು ಬಂದದ್ದೆಂದು ಮಠದಲ್ಲಿ ಎಲ್ಲರೂ ನಂಬಿದ್ದರು. ಗುರುಗಳು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ.

“ಯಾರಪ್ಪಾ ಆ ಸೋಲುವವರು?” ಎಂದು ಗುರುಗಳು ಕಣ್ಣು ಮುಚ್ಚಿಕೊಂಡೇ ಕೇಳಿದರು.

ಪಂಚಾಕ್ಷರಿ ಹಿಂಜರಿಯುತ್ತಲೇ ಹೇಳಿದ. ಅವನ ಊರಿನಲ್ಲೊಂದು ಫುಟ್‌ಬಾಲ್ ತಂಡವಿತ್ತು. ಹೋದ ವರ್ಷ ಅದು ಲೀಗಿನಲ್ಲಿ ಎಲ್ಲರಿಗಿಂತ ಕೆಳಗೆ ಬಂದಿತ್ತು. ಬರುವ ಭಾನುವಾರ ಹೊಸ ಲೀಗ್ ಶುರುವಾಗಲಿತ್ತು. ಇದ್ದೊಬ್ಬ ಒಳ್ಳೆಯ ಆಟಗಾರನೂ ಬಿಟ್ಟು ಹೋಗಿದ್ದ. ಪತ್ರಿಕೆಯಲ್ಲಿ ಪಂದ್ಯಗಳ ಪಟ್ಟಿ ನೋಡಿದ ದಿನದಿಂದ ಪಂಚಾಕ್ಷರಿಗೆ ಜಪಕ್ಕೆ ಕುಳಿತರೂ ಅದೇ ಧ್ಯಾನ.

“ಅವರು ವರ್ಷಾ ವರ್ಷಾ ಸೋಲುತ್ತಾರೆ, ಬುದ್ಧಿ. ನಾನು ವರ್ಷಾ ವರ್ಷಾ ನೋಯುತ್ತೇನೆ. ಈ ಸಲ ಅವರನ್ನು ಮನಸ್ಸಿನಿಂದಲೇ ಬಿಟ್ಟುಬಿಡುತ್ತೇನೆ. ಅಪ್ಪಣೆಯಾಗಬೇಕು.”

“ಮನೆ ಬಿಟ್ಟೆ, ಊರು ಬಿಟ್ಟೆ, ಉಪ್ಪುಖಾರ ಬಿಟ್ಟೆ. ಚೆಂಡೊಂದು ಉಳಿದುಕೊಂಡಿತೋ!” ಎಂದು ಗುರುಗಳು ನಕ್ಕರು. “ಅಪ್ಪಣೆ ಆಮೇಲೆ ನೋಡೋಣ. ಮೊದಲು ಒಂದು ಕತೆ ಕೇಳು. ಕೈ ಮಾತ್ರ ನಿಲ್ಲಿಸಬೇಡ.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಸೈಕಲ್ ರಿಪೇರಿಯವನಿದ್ದ. ಅದು ಬಟ್ಟೆ ಗಿರಣಿಯ ಊರು. ಗಿರಣಿಯ ಕೆಲಸಗಾರರೇ ಸೇರಿ ಕಟ್ಟಿದ ಫುಟ್‌ಬಾಲ್ ತಂಡ ಅಲ್ಲಿತ್ತು. ತಂಡದ ಚೆಂಡಿಗೆ ಗಾಳಿ ಹಾಕುವವನು ಇವನು. ತೂತು ಬಿದ್ದರೆ ತೇಪೆ ಹಾಕುವವನೂ ಇವನೇ. ಅಂಗಡಿಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿದ್ದ. ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಅದರ ಮೇಲೆ ಒಂದೇ ಮಾತು ಬರೆಯುತ್ತಿದ್ದ. ತಂಡ ಗೆದ್ದರೆ ‘ಗೆದ್ದೆವು’, ಸೋತರೆ ‘ಸೋತೆವು’. ಏಳು ವರ್ಷಗಳಲ್ಲಿ ‘ಗೆದ್ದೆವು’ ಎಂದು ಬರೆಯುವ ಭಾಗ್ಯ ಅವನಿಗೆ ಮೂರು ಸಲ ಬಂದಿತ್ತು.

ಎದುರಿಗೆ ಒಬ್ಬ ಹೋಟೆಲಿನವನಿದ್ದ. ಅವನೂ ತಪ್ಪದೆ ಆಟಕ್ಕೆ ಹೋಗುವವನೇ. ಆದರೆ ಅವನ ನಾಲಿಗೆ ಬಲು ಜಾಣ ನಾಲಿಗೆ. ಗೆದ್ದ ದಿನ ‘ಗೆದ್ವಿ’ ಎನ್ನುತ್ತಿತ್ತು, ಸೋತ ದಿನ ‘ಸೋತ್ರು’ ಎನ್ನುತ್ತಿತ್ತು. ಕನ್ನಡದಲ್ಲಿ ನಾವು, ಅವರು ಎಂದು ಬೇರೆ ಹೇಳಬೇಕಾಗಿಲ್ಲವಲ್ಲ. ಮಾತಿನ ಬಾಲವೇ ಹೇಳಿಬಿಡುತ್ತದೆ. ಊರಿನ ಮುಕ್ಕಾಲು ಮಂದಿ ಈ ಹೋಟೆಲಿನವನ ವ್ಯಾಕರಣವನ್ನೇ ಕಲಿತಿದ್ದರು.

ಒಂದು ದಿನ ಹೋಟೆಲಿನವನು ರಸ್ತೆ ದಾಟಿ ಬಂದು ಸ್ಲೇಟು ನೋಡಿ ಸಿಡುಕಿದ. “ಅಲ್ಲಯ್ಯಾ, ನೀನೇನು ಚೆಂಡು ಮುಟ್ಟಿದ್ಯಾ? ಸೋತೋರು ಅವರು. ‘ಸೋತರು’ ಅಂತ ಬರಿ. ದಿನಬೆಳಗಾದ್ರೆ ಊರಿಗೆ ಊರನ್ನೇ ಯಾಕೆ ಸೋಲಿಸ್ತೀಯ?”

ಸೈಕಲ್ ರಿಪೇರಿಯವನು ತಲೆ ಎತ್ತಲಿಲ್ಲ. “ಸೂತಕ ನಮಗಿಲ್ಲ ಅನ್ನೋರು ತಿಥಿ ಊಟಕ್ಕೂ ಬರಬಾರದು ಕಣಣ್ಣಾ,” ಎಂದ.

ಹೋಟೆಲಿನವನು ರಸ್ತೆ ದಾಟಿ ವಾಪಸು ಹೋದ. ಅಂದಿನಿಂದ ಸ್ಲೇಟಿನ ಕಡೆ ನೋಡುವುದನ್ನೂ ಬಿಟ್ಟ.

ಸೈಕಲ್ ರಿಪೇರಿಯವನೇನೋ ಗಂಡೆದೆಯವನು ಎಂದುಕೊಳ್ಳಬೇಡ. ಅವನಷ್ಟು ಹೆದರುವವನು ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಮಳೆಗಾಲದಲ್ಲಿ ಆಟವಿಲ್ಲ. ಆಟವಿಲ್ಲದ ಆ ನಾಲ್ಕು ತಿಂಗಳಲ್ಲೇ ಅವನ ತಲೆಯಲ್ಲಿ ಆಟ ಜಾಸ್ತಿ. ಎಡಗಡೆ ಓಡುವವನಿಗೆ ಈ ಸಲ ಉಸಿರು ಸಾಲುತ್ತದೆಯೇ? ಗೋಲ್‌ಕೀಪರನ ಮೊಣಕೈ ಸರಿಹೋಯಿತೇ? ಪೆನಾಲ್ಟಿ ಸಿಕ್ಕರೆ ಯಾರು ಹೊಡೆಯಬೇಕು? ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಇದೇ ಉಪದೇಶ. ಸಂಜೆಯ ಹೊತ್ತಿಗೆ ಈ ಸಲ ಕಪ್ ನಮ್ಮದೇ ಎಂದು ಅವನೇ ತೀರ್ಮಾನಿಸುತ್ತಿದ್ದ. ಬೆಳಿಗ್ಗೆ ಎದ್ದರೆ ಮೊದಲ ಪಂದ್ಯದಲ್ಲೇ ಎಷ್ಟು ಗೋಲು ತಿನ್ನುತ್ತೇವೋ ಎಂದು ಬೆರಳು ಮಡಚಿ ಎಣಿಸುತ್ತಿದ್ದ. ಆಸೆ ಪಡುವವನಿಗೆ ಭಯ ತಪ್ಪಿದ್ದಲ್ಲ. ಅವನು ಎರಡನ್ನೂ ಬಿಡಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ತಂಡದವರು ಚೆಂಡನ್ನು ಇವನ ಅಂಗಡಿಗೆ ತರುತ್ತಿದ್ದರು. ಇವನು ಗಾಳಿ ಹಾಕಿ, ಪಾನಾ, ಸುತ್ತಿಗೆ, ಪಂಪುಗಳ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ಮಂಗಳಾರತಿ ಮಾಡುತ್ತಿದ್ದ. ಅಲ್ಲಿಗೆ ಹೊಸ ವರ್ಷದ ಆಟ ಶುರುವಾದಂತೆ.

ಆ ವರ್ಷ ಚೆಂಡು ಬರಲಿಲ್ಲ.

ಪಾನಾ ಸುತ್ತಿಗೆಗಳ ನಡುವೆ ಚೆಂಡಿನ ಜಾಗ ಬಿಟ್ಟು ಮಧ್ಯಾಹ್ನದವರೆಗೆ ಕಾದ. ಆಮೇಲೆ ಅಂಗಿ ಹಾಕಿಕೊಂಡು ತಂಡದ ನಾಯಕನ ಮನೆಗೆ ಹೋದ. ನಾಯಕ ಗಿರಣಿಯಲ್ಲಿ ಫಿಟ್ಟರ್. ಚೆಂಡು ಅವನ ಪಡಸಾಲೆಯಲ್ಲಿ ಗಾಳಿಯಿಲ್ಲದೆ ಒಂದು ಮೊಳೆಗೆ ನೇತಾಡುತ್ತಿತ್ತು.

ನಾಯಕ ನಡೆದದ್ದನ್ನು ಹೇಳಿದ. ಪಕ್ಕದ ಪೇಟೆಯಲ್ಲಿ ಒಬ್ಬ ವ್ಯಾಪಾರಿ ದೊಡ್ಡ ತಂಡ ಇಟ್ಟುಕೊಂಡಿದ್ದ. ಸೆಂಟರ್ ಫಾರ್ವರ್ಡನ್ನು ಅವನು ಎಳೆದುಕೊಂಡ. ಗೋಲ್‌ಕೀಪರನನ್ನೂ ಬಿಡಲಿಲ್ಲ. ಈಗ ಒಂಬತ್ತೇ ಮಂದಿ ಉಳಿದಿದ್ದರು. ಬರುವ ಭಾನುವಾರದ ಮೊದಲ ಪಂದ್ಯವೂ ಆ ವ್ಯಾಪಾರಿಯ ತಂಡದ ಮೇಲೆಯೇ. ಲೀಗಿನ ನಿಯಮ ಬೇರೆ ಕಟ್ಟುನಿಟ್ಟು: ಮೊದಲ ಪಂದ್ಯಕ್ಕೆ ಹನ್ನೊಂದು ಮಂದಿ ಇಳಿಸದ ತಂಡದ ಹೆಸರು ಪಟ್ಟಿಯಿಂದ ಹೋದರೆ ಹೋಯಿತು, ಮತ್ತೆ ಸೇರುವುದಿಲ್ಲ.

“ಒಂಬತ್ತು ಜನ ಏನ್ ಮಾಡೋಣ ಅಣ್ಣಾ? ಮಾನ ಕಳಕೊಳ್ಳೋದಕ್ಕಿಂತ ಸುಮ್ಮನಿರೋದು ವಾಸಿ,” ಎಂದ ನಾಯಕ.

“ಮಾನಾನ ಆಗಲೇ ಮೊಳೆಗೆ ನೇತುಹಾಕಿದ್ದೀಯಲ್ಲ, ಇನ್ನೇನು ಕಳಕೊಳ್ಳೋದಿದೆ?” ಎಂದು ಇವನು ಚೆಂಡನ್ನು ಕಿತ್ತುಕೊಂಡು ಬಂದ.

ಅಂಗಡಿಗೆ ಬಂದವನೇ ಗಾಳಿ ಹಾಕಿದ. ಬಿಟ್ಟ ಜಾಗದಲ್ಲಿ ಚೆಂಡನ್ನಿಟ್ಟ. ಪೂಜೆಯ ಹೊತ್ತು ಮೀರಿತ್ತು. ಮೀರಿದರೆ ಮೀರಲಿ ಎಂದು ಮಂಗಳಾರತಿ ಮಾಡಿದ. ಆಮೇಲೆ ಸ್ಲೇಟು ಒರೆಸಿ ‘ಭಾನುವಾರ ಆಡುತ್ತೇವೆ’ ಎಂದು ಬರೆದ. ಅಕ್ಷರ ಎಂದಿಗಿಂತ ದೊಡ್ಡದಾಗಿತ್ತು.

ಸುದ್ದಿ ಪಕ್ಕದ ಪೇಟೆಗೂ ಹೋಯಿತು. ಮರುದಿನ ಆ ವ್ಯಾಪಾರಿಯೇ ಕಾರಿನಲ್ಲಿ ಬಂದು ಅಂಗಡಿಯ ಮುಂದೆ ಇಳಿದ. ಬಹಳ ಹೊತ್ತು ಸ್ಲೇಟು ನೋಡಿದ.

“ನನ್ನ ಹುಡುಗರು ಹನ್ನೊಂದು ವರ್ಷದಿಂದ ಕಪ್ ಗೆಲ್ತಾ ಇದಾರೆ,” ಎಂದ. “ಆದ್ರೂ ಒಂದು ಗೋಲು ಹಿಂದೆ ಬಿದ್ರೆ ಸಾಕು, ನನ್ನ ಮೈದಾನದಲ್ಲಿ ಅರ್ಧ ಜನ ಎದ್ದು ಹೋಗ್ತಾರೆ. ನೀನು ಏಳು ವರ್ಷದಿಂದ ಸೋಲು ನೋಡ್ತಾ ಇದೀಯ, ಒಂದು ದಿನಾನೂ ಎದ್ದು ಹೋಗಿಲ್ಲವಂತೆ. ನಿನ್ನಂಥೋನು ನಮಗೆ ಬೇಕು. ನಮ್ಮ ಕಡೆ ಬಂದುಬಿಡು. ವಾರ ವಾರ ‘ಗೆದ್ದೆವು’ ಅಂತ ಬರೀಬಹುದು.”

ಇವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಹುಡುಕುತ್ತಲೇ ಹೇಳಿದ: “ಸಾಹುಕಾರ್ರೇ, ಹನ್ನೊಂದು ವರ್ಷದಿಂದ ಕಪ್ ನಿಮ್ಮ ಮನೇಲೇ ಇದೆ. ಆದ್ರೂ ನೀವು ‘ನನ್ನ ಹುಡುಗರು ಗೆಲ್ತಾ ಇದಾರೆ’ ಅಂದ್ರಿ. ‘ಗೆಲ್ತಾ ಇದೀವಿ’ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲಿಲ್ಲ. ನಿಮಗೇ ಬಾರದ ಮಾತನ್ನ ನಾನು ಹೆಂಗೆ ಬರೀಲಿ?”

ವ್ಯಾಪಾರಿ ಕಾರು ಹತ್ತಿದ. ಗುಳ್ಳೆ ಸಿಕ್ಕಿತು. ಇವನು ತೇಪೆ ಹಾಕಿದ.

ಶನಿವಾರ ನಾಯಕ ಉಳಿದ ಎಂಟು ಮಂದಿಯನ್ನು ಕರೆದುಕೊಂಡು ಬಂದ. ಅವರಿಗೆ ಸಿಟ್ಟು ಬಂದಿತ್ತು. “ಆಡ್ತೀವಿ ಅಂತ ಬರೆದುಬಿಟ್ಟೆಯಲ್ಲ, ಯಾರು ಆಡೋದು? ಒಂಬತ್ತು ಜನ ಇದೀವಿ!”

“ಹತ್ತು,” ಎಂದು ಇವನು ಪಂಚೆ ಎತ್ತಿ ಕಟ್ಟಿದ. ಅವನಿಗೆ ಆಗ ಐವತ್ತೆರಡು ವರ್ಷ. “ಏಳು ವರ್ಷ ‘ಸೋತೆವು’ ಅಂತ ಬರೆದಿದ್ದೀನಿ. ಈಗ ಇಳಿಯದಿದ್ರೆ ಅಷ್ಟೂ ಸುಳ್ಳಾಗುತ್ತೆ.”

ಒಂಬತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಾಯಕ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಆಡುವುದೆಂದು ಅಲ್ಲಿಗೆ ಗೊತ್ತಾಯಿತು. ಇನ್ನೊಬ್ಬ ಬೇಕಿತ್ತು. ಅವನು ಗೋಲಿನಲ್ಲಿ ನಿಲ್ಲಬೇಕಿತ್ತು. ಇವನು ಹೋಟೆಲಿಗೆ ಹೋಗಿ ಒಬ್ಬೊಬ್ಬರನ್ನೂ ಕೇಳಿದ. ಒಬ್ಬನ ಮನೆಗೆ ನೆಂಟರು ಬರುವವರಿದ್ದರು, ಇನ್ನೊಬ್ಬನಿಗೆ ಸೊಂಟ ಹಿಡಿದಿತ್ತು. ಹೋಟೆಲಿನವನಿಗೆ ಇಡ್ಲಿಗೆ ಅಕ್ಕಿ ನೆನೆಹಾಕುವುದಿತ್ತು. ಭಾನುವಾರದ ಸಂಜೆಗೆ ಶನಿವಾರದಿಂದಲೇ ಅಷ್ಟು ಕೆಲಸ ಬಂದು ಬಿದ್ದದ್ದನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಬ್ಬ ದಾರಿಹೋಕ ಸೈಕಲ್ ತಳ್ಳಿಕೊಂಡು ಬಂದ. ಹಿಂದಿನ ಗಾಲಿ ಪಂಕ್ಚರ್. ವಯಸ್ಸು ಇಪ್ಪತ್ತೈದು ಇದ್ದೀತು. ಎತ್ತರದ ಆಳು, ಉದ್ದ ಕೈ. ತಲೆಯ ತುಂಬ ಒಣ ವೇದಾಂತ. ಯಾವ ಊರಪ್ಪಾ ಎಂದು ಸೈಕಲ್ ರಿಪೇರಿಯವನು ಕೇಳಿದರೆ, ಯಾವ ಊರೂ ತನ್ನದಲ್ಲ ಎಂದ. ಎಲ್ಲಿಗೆ ಹೊರಟೆ ಎಂದರೆ, ಎಲ್ಲವನ್ನೂ ಬಿಟ್ಟು ಹೊರಟಿದ್ದೇನೆ ಎಂದ. ಗೆಲುವು ಸೋಲು ಎರಡೂ ತನಗೆ ಒಂದೇ ಎಂದೂ ಸೇರಿಸಿದ. ಯಾರೂ ಅದನ್ನು ಕೇಳಿರಲಿಲ್ಲ.

ಸೈಕಲ್ ರಿಪೇರಿಯವನ ಮುಖ ಅರಳಿತು. “ಎರಡೂ ಒಂದೇನಾ? ಗೋಲಲ್ಲಿ ನಿಲ್ಲೋಕೆ ನಿನ್ನಂಥೋನೇ ಬೇಕಾಗಿತ್ತು,” ಎಂದ. ಎಂದವನೇ ಗಾಲಿ ಬಿಚ್ಚಿ ಒಳಗಿಟ್ಟು ಬೀಗ ಹಾಕಿದ. “ಆಟ ಮುಗಿದ ಮೇಲೆ ಪಂಕ್ಚರ್ ಹಾಕ್ತೀನಿ.”

ದಾರಿಹೋಕ ಮೊದಲು ಉಪದೇಶ ಮಾಡಿದ. ಆಮೇಲೆ ಜಗಳ ಮಾಡಿದ. ಕೊನೆಗೆ, ಎಲ್ಲವನ್ನೂ ಬಿಟ್ಟೆನೆಂದವನು ಒಂದು ಸೈಕಲ್ ಗಾಲಿಯ ಆಸೆ ಬಿಡಲಾರದೆ ಮೈದಾನಕ್ಕೆ ಹೋದ.

ಸಂಜೆ ನಾಲ್ಕಕ್ಕೆ ತಂಡ ಇಳಿಯಿತು. ರೆಫರಿ ಎರಡು ಸಲ ಎಣಿಸಿದ, ಹನ್ನೊಂದು ಮಂದಿ ಇದ್ದರು. ವ್ಯಾಪಾರಿ ಗೆರೆಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಊರಿಗೆ ಊರೇ ಬಂದಿತ್ತು. ಸೊಂಟ ಹಿಡಿದವನೂ ಬಂದಿದ್ದ, ನೆಂಟರೂ ಬಂದಿದ್ದರು. ಐವತ್ತೆರಡರ ಮುದುಕ ಬರಿಗಾಲಿನಲ್ಲಿ ಎಡಗಡೆ ನಿಂತದ್ದನ್ನು ಕಂಡು ಕೆಲವರು ನಕ್ಕರು. ಅವನು ಅವರ ಕಡೆ ತಿರುಗಿ ತೊಡೆ ತಟ್ಟಿದ. ನಗು ನಿಂತಿತು. ರೆಫರಿ ಸೀಟಿ ಊದಿದ.

ಅಷ್ಟರಲ್ಲಿ ತಡವಾಗಿ ಓಡಿಬಂದವನೊಬ್ಬ ಹೋಟೆಲಿನವನನ್ನು ಕೇಳಿದ: “ಎಷ್ಟು ಜನ ಬಂದ್ರಂತೆ?” ಹೋಟೆಲಿನವನು ಗೆರೆಯ ಹೊರಗೆ ನಿಂತಿದ್ದ. ಚೆಂಡಿನಿಂದ ಕಣ್ಣು ಕೀಳದೆ, “ಹನ್ನೊಂದು ಜನಾನೂ ಇದೀವಿ, ಬಾ,” ಎಂದ. ತಾನು ಏನೆಂದೆನೆಂದು ಅವನಿಗೆ ಗೊತ್ತಾಗಲಿಲ್ಲ. ಎಡಗಡೆ ನಿಂತಿದ್ದ ಸೈಕಲ್ ರಿಪೇರಿಯವನ ಕಿವಿಗೆ ಅದು ಬಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಪಂಚಾಕ್ಷರಿ ಕಾದ. ಅವನಿಗೆ ತಡೆಯಲಾಗಲಿಲ್ಲ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಕೇಳಿಯೇಬಿಟ್ಟ.

“ಆಮೇಲೇನಾಯಿತು, ಬುದ್ಧಿ? ಅವರು ಗೆದ್ದರೇ, ಸೋತರೇ?”

ಗುರುಗಳು ಕಣ್ಣು ಬಿಟ್ಟು, ಉದ್ದ ಕೈ ಚಾಚಿ ತಮ್ಮ ಬಲಮಂಡಿಯನ್ನೊಮ್ಮೆ ತಟ್ಟಿಕೊಂಡರು.

“ಆರು ಗೋಲಿನಿಂದ ಸೋತೆವು ಕಣಯ್ಯಾ, ಮರು ಭಾನುವಾರವೂ ಆಡಿದೆವು.”